14 ವರ್ಷದ ಮಗ ದಿನಾ ಬ್ರಷ್ ಮಾಡಿದರೂ ದವಡೆ ಹಲ್ಲು ಹುಳುಕಾಗಿದೆ, ಯಾಕೆ?

ಎಷ್ಟು ಸಿಹಿ ತಿಂದ ಅನ್ನುವುದಕ್ಕಿಂತ ಎಷ್ಟು ಸಲ ತಿಂದ ಅನ್ನುವುದೇ ಮುಖ್ಯ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಅದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಿಸುತ್ತದೆ. ಜೊಲ್ಲು ಅದನ್ನು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಮಂಡ್ಯದಲ್ಲಿ ಟ್ಯೂಷನ್ ಮುಗಿಸಿ ಕಬ್ಬಿನ ಹಾಲು, ಆಮೇಲೆ ಚಿಪ್ಸ್, ಓದುವಾಗ ಬಿಸ್ಕತ್ತು ಅಂದರೆ ಹಲ್ಲಿಗೆ ಬಿಡುವೆಲ್ಲಿ? ಅಂದಹಾಗೆ, ಬೆಲ್ಲವೂ ಸಕ್ಕರೆಯೇ. ನಮ್ಮೂರಲ್ಲಿ ಇದನ್ನು ಹೇಳಿದರೆ ಸುಮ್ನೆ ಜಗಳ!

ಎರಡನೇ ದವಡೆ ಹಲ್ಲು ಬರುವುದೇ 12ನೇ ವಯಸ್ಸಿನ ಆಸುಪಾಸು. ಹೊಸ ಎನಾಮಲ್ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೇಲಿನ ಸಣ್ಣ ಸೀಳುಗಳಿಗೆ ಬ್ರಷ್ಷಿನ ಎಳೆಯೂ ಇಳಿಯುವುದಿಲ್ಲ.

ಹುಳುಕಾದ ಹಲ್ಲಿಗೆ ಫಿಲ್ಲಿಂಗ್ ಬೇಕಾಗಬಹುದು. ಉಳಿದ ದವಡೆ ಹಲ್ಲುಗಳಿಗೆ ಸೀಲೆಂಟ್ (ಆ ಸೀಳುಗಳನ್ನು ಮುಚ್ಚುವ ತೆಳು ಲೇಪ) ಹಾಕಬಹುದಾ ಅಂತ ಡೆಂಟಿಸ್ಟ್ ಹತ್ರ ಕೇಳಿ. ಸಿಹಿ ಊಟದ ಜೊತೆಗೇ ಇರಲಿ. ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಲ್ಲಿ 2 ನಿಮಿಷ ಉಜ್ಜಿ, ನೊರೆ ಉಗುಳಿದರೆ ಸಾಕು, ನೀರು ಮುಕ್ಕಳಿಸುವುದು ಬೇಡ.