ದೂಧಸಾಗರಕ್ಕೆ ಹಳಿ ಹಿಡಿದು ಹೋಗಬಹುದೇ?

ಓದುಗರ ಪತ್ರ: ದೀಪಾವಳಿ ರಜೆಗೆ ದೂಧಸಾಗರ ಜಲಪಾತಕ್ಕೆ ಹೋಗುವ ಆಸೆ. ಜೊತೆಗೆ 68 ವರ್ಷದ ತಾಯಿ, 9 ವರ್ಷದ ಮಗ ಇರುತ್ತಾರೆ. ಆ ದಿನಗಳಲ್ಲಿ ಜೀಪಿಗೆ ವಿಪರೀತ ಪಾಳಿ ಎಂದು ಕೇಳಿದ್ದೇವೆ. ಕ್ಯಾಸಲ್‌ರಾಕ್‌ನಲ್ಲಿ ರೈಲಿಳಿದು ಹಳಿ ಹಿಡಿದು ನಡೆದರೆ ಸುಲಭ ಎಂದು ಗೆಳೆಯರು ಹೇಳುತ್ತಾರೆ. ಅಥವಾ ಮುಂದಿನ ಮಳೆಗಾಲದಲ್ಲಿ ಹೋಗುವುದು ಒಳ್ಳೆಯದೇ? – ಧಾರವಾಡದ ಓದುಗರು

ಸಂಪಾದಕರ ಉತ್ತರ:

ಹಳಿಯ ದಾರಿಯನ್ನು ದಯವಿಟ್ಟು ಮರೆತುಬಿಡಿ. ಹಿಂದೆ ಎಷ್ಟೋ ಚಾರಣಿಗರು ಹಾಗೆ ನಡೆದದ್ದು ನಿಜ. ಆದರೆ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅತಿಕ್ರಮ ಪ್ರವೇಶ. 6 ತಿಂಗಳವರೆಗೆ ಸಜೆ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. 2023ರ ಜುಲೈನಲ್ಲಿ ಹೀಗೆ ಬಂದ ನೂರಾರು ಜನರನ್ನು ಪೊಲೀಸರು ತಡೆದು ವಾಪಸ್ ಕಳಿಸಿದ್ದರು.

ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಜಾಗವೇ ಅಪಾಯದ್ದು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ನಿಲ್ದಾಣದವರೆಗಿನ ಸುಮಾರು 26 ಕಿ.ಮೀ. ಘಟ್ಟದಲ್ಲಿ ಪ್ರತಿ 37 ಮೀಟರಿಗೆ 1 ಮೀಟರ್ ಇಳಿಜಾರಿದೆ. ರೈಲು ಹತ್ತಬೇಕಾದರೆ ಹೆಚ್ಚುವರಿ ಎಂಜಿನ್ ಬೇಕು, ಇಳಿಯಬೇಕಾದರೆ ನಡುವೆ ನಿಂತು ಬ್ರೇಕ್ ಪರೀಕ್ಷೆಯಾಗಬೇಕು. ಹಾಗೆ ಇಳಿದು ಬರುವ ಭಾರದ ಗೂಡ್ಸ್ ಗಾಡಿ ಹಳಿಯ ಮೇಲೆ ಜನ ಕಂಡರೆಂದು ತಕ್ಷಣ ನಿಲ್ಲಲಾರದು. ಜಲಪಾತದ ಹತ್ತಿರವಂತೂ ನೀರಿನ ಭೋರ್ಗರೆತದಲ್ಲಿ ಗಾಡಿಯ ಸದ್ದು ಕೇಳಿಸುವುದಿಲ್ಲ. ಸುರಂಗದಲ್ಲಿ, ಸೇತುವೆಯ ಮೇಲೆ ಪಕ್ಕಕ್ಕೆ ಸರಿಯಲು ಜಾಗವೂ ಕಡಿಮೆ. ಮಗುವನ್ನೂ ಹಿರಿಯರನ್ನೂ ಕರೆದುಕೊಂಡು ಅಲ್ಲಿ ಹೋಗುವ ಮಾತೇ ಬೇಡ.

ಈಗ ಕಾಲದ ಪ್ರಶ್ನೆ. ದೂಧಸಾಗರದಲ್ಲಿ ನೀರಿನ ಹಂಗಾಮು ಬೇರೆ, ದಾರಿಯ ಹಂಗಾಮು ಬೇರೆ. 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಬೀಳುವ ಧಾರೆ ಮೈತುಂಬಿಕೊಳ್ಳುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ಕುಳೆಂನಿಂದ ಮೊಲೆಂ ರಾಷ್ಟ್ರೀಯ ಉದ್ಯಾನದ ಕಾಡೊಳಗೆ ಹೋಗುವ ಜೀಪಿನ ದಾರಿ ಹಳ್ಳಗಳನ್ನು ದಾಟಿಯೇ ಹೋಗಬೇಕು. ಹಳ್ಳ ತುಂಬಿದ ಕೂಡಲೇ ದಾರಿ ಬಂದ್. ಜೀಪುಗಳು ಮತ್ತೆ ಶುರುವಾಗುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಹಾಗಾಗಿ ಮಳೆಗಾಲದ ಪೂರ್ಣ ಧಾರೆಯನ್ನು ನಿಯಮಬದ್ಧವಾಗಿ ನೋಡಬೇಕೆಂದರೆ ರೈಲಿನೊಳಗೆ ಕೂತೇ ನೋಡಬೇಕು. ಟಿಕೆಟ್ ಮಾಡಿಸುವಾಗ ಕ್ಯಾಸಲ್‌ರಾಕ್, ಕುಳೆಂ ಎರಡರ ವೇಳೆಯೂ ಹಗಲಿನದ್ದೇ ಎಂದು ನೋಡಿಕೊಳ್ಳಿ. ರಾತ್ರಿ ಘಟ್ಟ ಇಳಿಯುವ ಗಾಡಿ ಹತ್ತಿ ನಿರಾಶರಾಗುವವರು ಬಹಳ. ಎಡವೋ ಬಲವೋ ಎಂದು ತಲೆಕೆಡಿಸಿಕೊಳ್ಳಬೇಡಿ. ಸೇತುವೆ ಜಲಪಾತದ ನಡುವೆಯೇ ಹಾದುಹೋಗುತ್ತದೆ. ಗುಡ್ಡದ ಕಡೆಯ ಕಿಟಕಿಗೆ ಮೇಲಿನ ಧಾರೆ ತೀರಾ ಹತ್ತಿರ, ದೂರದಿಂದ ಇಡಿಯಾಗಿ ಕಾಣುವುದು ಕಣಿವೆಯ ಕಡೆ. ಬಾಗಿಲಲ್ಲಿ ಜೋತುಬೀಳಬೇಡಿ.

ನೀವು ಆರಿಸಿಕೊಂಡ ದೀಪಾವಳಿಯ ವೇಳೆಗೆ ನೀರೂ ಚೆನ್ನಾಗಿರುತ್ತದೆ, ಜೀಪೂ ಇರುತ್ತದೆ. ಕಷ್ಟವೆಂದರೆ ಜನ. ದಿನಕ್ಕೆ ಓಡುವ ಜೀಪುಗಳಿಗೆ ಮಿತಿಯಿದೆ, ಒಂದು ಜೀಪಿಗೆ 7 ಜನ. ನೀವು ನಾಲ್ಕೈದು ಮಂದಿಯಿದ್ದರೆ ಉಳಿದ ಸೀಟಿಗೆ ಬೇರೆಯವರನ್ನು ಕೂಡಿಸಿಕೊಳ್ಳಬೇಕು, ಇಲ್ಲವೇ ಪೂರ್ತಿ ಜೀಪಿನ ಹಣ ಕಟ್ಟಬೇಕು. ಧಾರವಾಡದಿಂದ ಅನಮೋಡ ಘಟ್ಟ ಇಳಿದು ಅಂದೇ ಮಧ್ಯಾಹ್ನ ತಲುಪಿದರೆ ಟಿಕೆಟ್ ಸಿಗದೇ ಮರಳಬೇಕಾದೀತು. ಹಿಂದಿನ ರಾತ್ರಿ ಮೊಲೆಂ ಅಥವಾ ಕುಳೆಂನಲ್ಲಿ ಉಳಿದು ಬೆಳಿಗ್ಗೆ 7ಕ್ಕೆಲ್ಲ ಕೌಂಟರ್ ಮುಂದಿರಿ. ಹಬ್ಬ ಮುಗಿದು ಒಂದು ವಾರ ಬಿಟ್ಟು, ಮಂಗಳವಾರದಿಂದ ಗುರುವಾರದೊಳಗೆ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮಗನ ಶಾಲೆ ಎರಡು ದಿನ ತಪ್ಪಿದರೂ ಚಿಂತೆಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಜನವರಿ ದಾಟಿಸಿದರೆ ಮಾತ್ರ ಧಾರೆ ಸೊರಗುತ್ತಾ ಹೋಗುತ್ತದೆ.

ಜೀಪಿನ ದಾರಿ ಮುಕ್ಕಾಲು ತಾಸಿನದ್ದು, ಮೈಯೆಲ್ಲ ಕುಲುಕಾಡುತ್ತದೆ. ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ. ಇಳಿದ ಮೇಲೆ ಬಂಡೆ, ಬೇರುಗಳ ನಡುವೆ ಇನ್ನೊಂದಿಷ್ಟು ನಡಿಗೆಯಿದೆ. ಮಂಡಿ ಅಥವಾ ಬೆನ್ನುನೋವು ಇದ್ದರೆ ಅವರಿಗೆ ರೈಲಿನ ನೋಟವೇ ಸರಿ. ಎಲ್ಲರ ಕಾಲಿಗೂ ಹಿಂದೆ ಪಟ್ಟಿಯಿರುವ, ಅಡಿ ಸವೆಯದ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಪಾಚಿಯ ಮೇಲೆ ನಿಲ್ಲುವುದಿಲ್ಲ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನಡೆದರೆ ಮಂಗಗಳು ಕಿತ್ತುಕೊಳ್ಳುತ್ತವೆ.

ನೀರಿಗಿಳಿಯುವವರು ಲೈಫ್ ಜಾಕೆಟ್ ಹಾಕಲೇಬೇಕು. ಅದನ್ನು ಹಾಕಿದರೆ ಸಾಲದು, ಕಟ್ಟಬೇಕು. ಮಗನ ಜಾಕೆಟ್ಟಿನ ಬಕಲುಗಳನ್ನೆಲ್ಲ ಹಾಕಿ, ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಿ. ಅದು ಗದ್ದ ದಾಟಿ ಕಿವಿಯವರೆಗೆ ಬಂದರೆ ಅಳತೆ ದೊಡ್ಡದೆಂದೇ ಅರ್ಥ. ನೀರಿನಲ್ಲಿ ಜಾಕೆಟ್ ಮೇಲೆ ತೇಲಿ ಹುಡುಗ ಕೆಳಗೆ ಜಾರುತ್ತಾನೆ. ಚಿಕ್ಕದನ್ನು ಕೇಳಿ ಪಡೆಯಿರಿ, ಸಿಗದಿದ್ದರೆ ಅವನನ್ನು ನೀರಿಗೆ ಬಿಡಬೇಡಿ. ಧಾರೆ ಬೀಳುವ ಜಾಗದಿಂದ ದೂರವೇ ಇರಿ. ಕೆಳಗೆ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಕೆಂಪಗಾದರೆ, ಎಲೆ ಕಡ್ಡಿಗಳು ಒಮ್ಮೆಲೇ ತೇಲಿಬಂದರೆ, ಫೋಟೋ ಬಿಟ್ಟು ಆ ಕ್ಷಣವೇ ದಡ ಹತ್ತಿ.