ವಿಜಯಪುರದಲ್ಲಿ ಆಗಾಗ ನೆಲ ನಡುಗುವುದಕ್ಕೂ ಸಮುದ್ರದ ಆಳದ ಕಂದಕಗಳಿಗೂ ಸಂಬಂಧವಿದೆಯೇ?

ನೇರ ಸಂಬಂಧ ಇಲ್ಲ. ಕಂದಕ ಇರುವ ಕಡೆ ಒಂದು ಭೂಫಲಕ (ಭೂಮಿಯ ಗಟ್ಟಿ ಹೊರಪದರದ ದೈತ್ಯ ತುಂಡು) ಇನ್ನೊಂದರ ಅಡಿಗೆ ನುಗ್ಗುತ್ತಿರುತ್ತದೆ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಎರಡೂ ತಾಗುವ ಜಾಗ ಸಲೀಸಾಗಿ ಜಾರುವುದಿಲ್ಲ. ನೂರಾರು ವರ್ಷ ಕಚ್ಚಿಕೊಂಡೇ ಇರಬಹುದು. ಇಳಿಯುವ ಫಲಕ ಮೇಲಿನದರ ಅಂಚನ್ನೂ ಎಳೆದು ಬಗ್ಗಿಸುತ್ತದೆ. ಹಿಡಿತ ತಪ್ಪಿದ ಕೂಡಲೇ ಆ ಅಂಚು ಚಿಮ್ಮಿ, ಮೇಲಿನ ನೀರನ್ನೆಲ್ಲ ಎತ್ತುತ್ತದೆ. ಅದೇ ಸುನಾಮಿ. 2004ರ ಡಿಸೆಂಬರ್ 26ರಂದು ಇಂಡೋನೇಷ್ಯಾ ಬಳಿಯ ಸುಂದಾ ಕಂದಕದ ಉದ್ದಕ್ಕೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಹೀಗಾಯಿತು; ತೀವ್ರತೆ 9.1. ಈವರೆಗೆ ಅಳೆದ ಅತಿ ದೊಡ್ಡ ಕಂಪನವೂ (ಚಿಲಿ, 1960, 9.5) ಕಂದಕದ್ದೇ. ಹಾಗಂತ ಆಳ ಹೆಚ್ಚಿದಷ್ಟೂ ಭೂಕಂಪ ದೊಡ್ಡದು ಎಂದೇನಿಲ್ಲ: ಸುಮಾರು 11 ಕಿ.ಮೀ. ಆಳದ, ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ 9 ತೀವ್ರತೆಯ ಕಂಪನ ದಾಖಲಾಗಿಲ್ಲ.

ನಮ್ಮ ಜಿಲ್ಲೆ ಭಾರತದ ಫಲಕದ ಅಂಚಿನಲ್ಲಿಲ್ಲ, ಒಳಗಿದೆ. 2021ರಲ್ಲಿ ಅಡುಗೆಮನೆಯ ಪಾತ್ರೆ ಅಲುಗಾಡಿಸಿ ಜನರನ್ನು ರಾತ್ರಿ ಓಣಿಗೆ ಓಡಿಸಿದಂಥ ಸಣ್ಣ ಕಂಪನಗಳು, ಫಲಕದೊಳಗಿನ ಬಿರುಕುಗಳು ಒತ್ತಡಕ್ಕೆ ಕದಲಿದಾಗ ಆಗುವಂಥವು. ಫಲಕದೊಳಗಿನದು ಎಂದು ಹಗುರವಾಗಿ ಕಾಣಬೇಡಿ. 1993ರಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದೂ ಇದೇ ಬಗೆಯದು, ತೀವ್ರತೆ 6.2. ಅಲ್ಲಿ ಸಾವಿರಾರು ಜನ ಸತ್ತದ್ದು ಭಾರದ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಕುಸಿದು. ನಮ್ಮ ಹಳ್ಳಿಗಳಲ್ಲಿ ಅಂಥ ಮನೆಗಳು ಇಂದಿಗೂ ಇವೆ. ಮೊದಲು ಗಟ್ಟಿ ಮಾಡಬೇಕಾದ್ದು ಅವನ್ನು.