21 ಇಂಚಿನ ಚಕ್ರಕ್ಕೆ 18 ಇಂಚಿನ ಮೀಟರ್ ಗೇರು

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಓಡಿಸುತ್ತಿದ್ದ 1974ರ ಯಮಹಾ ಡಿಟಿ 175 ಬೈಕನ್ನು ಎರಡು ವರ್ಷ ಹಿಡಿದು ಸರಿಪಡಿಸಿದ್ದೇನೆ. ಅದರ ಸ್ಪೀಡೋಮೀಟರ್ ಎಂದೋ ಕಳೆದುಹೋಗಿದ್ದರಿಂದ, 18 ಇಂಚಿನ ಚಕ್ರವಿರುವ ಹಳೆಯ 100 ಸಿಸಿ ಬೈಕೊಂದರ ಮೀಟರ್, ಕೇಬಲ್ ಮತ್ತು ಮುಂಚಕ್ರದಲ್ಲಿ ಕೂತು ಕೇಬಲನ್ನು ತಿರುಗಿಸುವ ಮೀಟರ್ ಗೇರನ್ನು ತಂದು, ಲೇತ್‌ನಲ್ಲಿ ಬುಷ್ ಮಾಡಿಸಿ ಕೂರಿಸಿದೆ. ಹೆದ್ದಾರಿ 66ರಲ್ಲಿ ಮೊಬೈಲ್‌ನ ಜಿಪಿಎಸ್ 60 ತೋರಿಸುವಾಗ ಈ ಮೀಟರ್ 54 ತೋರಿಸುತ್ತದೆ. ಮುಳ್ಳನ್ನು ಕಿತ್ತು ಸ್ವಲ್ಪ ಮುಂದೆ ಕೂರಿಸಿದರೆ ಸಾಕೆಂದು ಗ್ಯಾರೇಜಿನವರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರೊಬ್ಬರು, ಕಾಪು

ಉತ್ತರ: ದಯವಿಟ್ಟು ಮುಳ್ಳನ್ನು ಮುಟ್ಟಬೇಡಿ. ಆರು ಅಂಕ ಮುಂದಕ್ಕೆ ಕೂರಿಸಿದರೆ 60ರಲ್ಲಿ ಮಾತ್ರ ಲೆಕ್ಕ ಸರಿಯಾಗುತ್ತದೆ. 30ರ ವೇಗದಲ್ಲಿ 33 ತೋರಿಸುತ್ತದೆ, 90ರಲ್ಲಿ 87 ತೋರಿಸುತ್ತದೆ, ಬೈಕು ಅಂಗಳದಲ್ಲಿ ನಿಂತಿರುವಾಗಲೂ ಆರು ತೋರಿಸುತ್ತಿರುತ್ತದೆ. ದೋಷವಿರುವುದು ಮೀಟರ್‌ನ ಒಳಗಲ್ಲ, ಚಕ್ರದ ಬಳಿ.

ಹಳೆಯ ಜಪಾನೀ ಬೈಕುಗಳ ಹೆಚ್ಚಿನ ಮೀಟರ್‌ಗಳು ಒಂದು ಕಿಲೋಮೀಟರ್‌ಗೆ ಕೇಬಲ್ 1400 ಸುತ್ತು ತಿರುಗುತ್ತದೆ ಎಂಬ ಲೆಕ್ಕದಲ್ಲಿ ತಯಾರಾದವು. ನಿಮ್ಮದೂ ಅಂಥದ್ದೇ ಎಂದಿಟ್ಟುಕೊಳ್ಳೋಣ. 18 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.90 ಮೀಟರ್ ಸಾಗುತ್ತದೆ, ಅಂದರೆ ಕಿಲೋಮೀಟರ್‌ಗೆ 526 ಸುತ್ತು. ಅದಕ್ಕಾಗಿ ಮಾಡಿದ ಗೇರು ಚಕ್ರದ ಪ್ರತಿ ಸುತ್ತಿಗೆ ಕೇಬಲನ್ನು 2.66 ಸುತ್ತು ತಿರುಗಿಸುತ್ತದೆ. ನಿಮ್ಮ ಬೈಕಿನ 21 ಇಂಚಿನ ಮುಂಚಕ್ರದ 2.75-21 ಟಯರು ಒಂದು ಸುತ್ತಿಗೆ ಸುಮಾರು 2.12 ಮೀಟರ್ ಸಾಗುವುದರಿಂದ ಅದೇ ಕಿಲೋಮೀಟರ್‌ನಲ್ಲಿ 472 ಸಲ ಮಾತ್ರ ಸುತ್ತುತ್ತದೆ, ಕೇಬಲ್‌ಗೆ ಸಿಗುವುದು 1255 ಸುತ್ತು. 1255ನ್ನು 1400ರಿಂದ ಭಾಗಿಸಿ 60ರಿಂದ ಗುಣಿಸಿದರೆ 53.8 ಬರುತ್ತದೆ, ನೀವು ಕಂಡ 54 ಅದೇ. ಇದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳಬಹುದು. ಮುಂಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಕೇಬಲನ್ನು ಮೀಟರ್‌ನ ತುದಿಯಲ್ಲಿ ಬಿಚ್ಚಿ, ಒಳತಂತಿಗೆ ಕಾಗದದ ಚೂರು ಅಂಟಿಸಿ, ಚಕ್ರವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಗೇರು 21 ಇಂಚಿನ ಚಕ್ರದ್ದಾಗಿದ್ದರೆ ಕಾಗದ ಸುಮಾರು 30 ಸಲ ಸುತ್ತಬೇಕು. 26 ಅಥವಾ 27ಕ್ಕೆ ನಿಂತರೆ ನನ್ನ ಊಹೆ ಸರಿ.

ಆಗ 21 ಇಂಚಿನ ಚಕ್ರಕ್ಕೆಂದೇ ಮಾಡಿದ ಗೇರನ್ನು ಹುಡುಕುವುದು ಉತ್ತಮ. ಸಿಗದಿದ್ದರೆ, ಕೇಬಲ್ ಮತ್ತು ಮೀಟರ್ ನಡುವೆ ಕೂರುವ ಸಣ್ಣ ಗೇರು ಪೆಟ್ಟಿಗೆಯನ್ನು 1.12ರ ಅನುಪಾತಕ್ಕೆ ಮಾಡಿಸಬಹುದು. ಮೀಟರ್‌ನೊಳಗಿನ ಸ್ಪ್ರಿಂಗನ್ನು ಸಡಿಲಿಸಿ ಮುಳ್ಳನ್ನು ಏರಿಸಲು ಸಾಧ್ಯವಿದೆಯಾದರೂ ನಾನು ಅದನ್ನು ಒಪ್ಪುವುದಿಲ್ಲ. ಮುಳ್ಳನ್ನು ಎಳೆಯುವುದು ಕೇಬಲ್ ತಿರುಗಿಸುವ ಆಯಸ್ಕಾಂತ. ಆದರೆ ಓಡಿದ ದೂರ ತೋರಿಸುವ ಅಂಕಿಗಳು ನೇರವಾಗಿ ಹಲ್ಲುಚಕ್ರದಿಂದ ಓಡುತ್ತವೆ. ಸ್ಪ್ರಿಂಗ್ ಸಡಿಲಿಸಿದರೆ ವೇಗ ಸರಿಯಾಗಿ ಕಂಡರೂ, ಕಾಪುವಿನಿಂದ ಹೊರಟು ನೂರು ಕಿಲೋಮೀಟರ್ ಓಡಿಸಿದಾಗ ದೂರದ ಅಂಕಿ ತೊಂಬತ್ತರ ಬಳಿಯೇ ಇರುತ್ತದೆ, ಅದನ್ನು ನೋಡಿ ಆಯಿಲ್, ಪೆಟ್ರೋಲ್ ಲೆಕ್ಕ ಹಾಕುವವರು ತಪ್ಪುತ್ತಾರೆ. ಇನ್ನೂ ಮುಖ್ಯವಾದದ್ದು, ಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೆ ಸವಾರನಿಗೆ ಅಪಾಯವಿಲ್ಲ, ಕಡಿಮೆ ತೋರಿಸಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಸ್ಪೀಡೋಮೀಟರ್ ಇರಲೇಬೇಕೆನ್ನುತ್ತದೆ. ಇದ್ದೂ ಸುಳ್ಳು ಹೇಳುವ ಮೀಟರ್‌ನಿಂದ ಯಾರಿಗೂ ಉಪಕಾರವಿಲ್ಲ.

ಬೈಕಿಗೆ 50 ವರ್ಷ ಕಳೆದಿರುವುದರಿಂದ ಮುಂದೆ ವಿಂಟೇಜ್ ನೋಂದಣಿಯ ಯೋಚನೆ ನಿಮಗೆ ಬರಬಹುದು. ಆದ್ದರಿಂದ ಬೈಕಿನ ಮೂಲ ರೂಪ ಕೆಡದಂತೆ, ಮೀಟರ್‌ನ ಬ್ರಾಕೆಟ್ಟನ್ನು ವೆಲ್ಡ್ ಮಾಡಿಸದೆ, ಬಿಚ್ಚಬಹುದಾದ ಕ್ಲಾಂಪಿನಿಂದಲೇ ಹಿಡಿಸಿ.

ಪ್ರಶ್ನೆ: ನನ್ನ ಹಳೆಯ ಸ್ಕ್ರ್ಯಾಂಬ್ಲರ್ ಬೈಕಿಗೆ ಹೊಸದಾಗಿ ಮೀಟರ್ ಹಾಕಿಸಿ ಒಂದು ಮಳೆಗಾಲವೂ ಕಳೆದಿಲ್ಲ, ಮುಳ್ಳು 40ರಿಂದ 60ರ ನಡುವೆ ಕುಣಿಯತೊಡಗಿದೆ. ಬ್ಯಾಟರಿ ಇಲ್ಲದ ಬೈಕು. ಡಿಜಿಟಲ್ ಮೀಟರ್ ಹಾಕಿದರೆ ಒಳಿತೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಮೀಟರ್ ಬದಲಿಸುವ ಮೊದಲು ಕೇಬಲ್ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಳತಂತಿ ಬೇಗ ತುಕ್ಕು ಹಿಡಿಯುತ್ತದೆ, ಜಂಬಿಟ್ಟಿಗೆಯ ಕೆಂಪು ಕೆಸರು ಕೆಳತುದಿಯಿಂದ ಒಳಸೇರಿ ಅರೆಯುತ್ತದೆ. ತಂತಿ ತಡೆದು ತಡೆದು ಒಮ್ಮೆಲೇ ಬಿಡುವುದರಿಂದ ಮುಳ್ಳು ಕುಣಿಯುತ್ತದೆ. ತಂತಿಯನ್ನು ಎಳೆದು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ತೆಳುವಾಗಿ ಗ್ರೀಸ್ ಸವರಿ. ಆದರೆ ಮೇಲ್ತುದಿಯ ಸುಮಾರು 15 ಸೆಂಟಿಮೀಟರ್ ಒಣಗಿಯೇ ಇರಲಿ, ಇಲ್ಲವಾದರೆ ಗ್ರೀಸ್ ಮೀಟರ್‌ನೊಳಕ್ಕೆ ಏರುತ್ತದೆ. ಕೇಬಲ್ ಎಲ್ಲಿಯೂ ಚೂಪಾಗಿ ಬಾಗಬಾರದು. ಮುಂದಿನ ಫೋರ್ಕ್ ಪೂರ್ತಿ ಚಾಚಿದಾಗಲೂ, ಹ್ಯಾಂಡಲ್ ಎರಡೂ ಕಡೆ ತಿರುಗಿದಾಗಲೂ ಬಿಗಿಯಬಾರದು.

ಡಿಜಿಟಲ್ ಬೇಕೆಂದಿದ್ದರೆ, ಚಕ್ರದ ಕಡ್ಡಿಗೆ ಆಯಸ್ಕಾಂತ ಕಟ್ಟಿ ಬಟನ್ ಸೆಲ್‌ನಿಂದ ಓಡುವ, ವೈರಿರುವ ಸೈಕಲ್ ಮೀಟರ್ ಬೈಕಿನ ಬ್ಯಾಟರಿಯನ್ನು ಬೇಡುವುದಿಲ್ಲ. ವೈರಿಲ್ಲದವು ಪ್ಲಗ್ಗಿನ ಕಿಡಿಯ ಅಡಚಣೆಗೆ ತಪ್ಪು ಅಂಕಿ ತೋರಿಸುವುದುಂಟು. 5 ಕಿಲೋಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದರೆ ಅಡಚಣೆ ಕಡಿಮೆಯಾಗುತ್ತದೆ.

ಕೇಬಲ್ ಮೀಟರನ್ನೇ ಉಳಿಸುವುದಾದರೆ, ಚಕ್ರ ಮರಳಿ ಹಾಕುವಾಗ ಗೇರಿನ ಎರಡು ಕಿವಿಗಳು ಹಬ್‌ನ ಸೀಳುಗಳಲ್ಲಿ ಕೂತಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಗೇರಿನ ಕವಚವನ್ನು ಫೋರ್ಕ್‌ನ ತಡೆಗೆ ಒತ್ತಿ ಹಿಡಿದುಕೊಂಡೇ ಆಕ್ಸಲ್ ನಟ್ಟನ್ನು ಬಿಗಿಯಿರಿ.